‘ತಣ್ಣನೆ ವೋಡ್ಕಾ’ ಅನ್ನೋ ಊರು, ಚೆಸ್ ಹಲಗೆಯ ಬೆನ್ನಲ್ಲಿ ಸಾಲುಮನೆ: ಪೋಲೆಂಡಿನ ಊರ ಹೆಸರು, ಇಬ್ಬರ ಆಟ

ವ್ರೊತ್ಸ್ವಾಫ್‌ವಾಸಿ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿದ್ದೇನೆ, ಇದು ಎರಡನೇ ಚಳಿಗಾಲ. ಹೋದ ವಾರ ಆಫೀಸಿನ ಗೆಳೆಯ ಅವನ ಮಾವನ ಹಳ್ಳಿಗೆ ಕರೆದುಕೊಂಡು ಹೋಗಿದ್ದ. ಒಪೊಲೆ ಪ್ರಾಂತ್ಯದ ಕಡೆ. ದಾರಿಯಲ್ಲಿ ಹಸಿರು ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ‘ಜಿಮ್ನಾ ವುತ್ಕಾ’ ಅಂತ ಒಂದು ಊರಿನ ಹೆಸರು. ಅರ್ಥ ಕೇಳಿದರೆ ‘ತಣ್ಣನೆ ವೋಡ್ಕಾ’! ನಾನು ನಕ್ಕೆ, ಅವನು ನಗಲಿಲ್ಲ. ಪೋಲಿಷ್ ಭಾಷೆಯಲ್ಲಿ ನೀರಿಗೆ ‘ವೊದಾ’ ಅಂತಾರೆ, ಅದನ್ನು ಮುದ್ದಾಗಿ ಕರೆದರೆ ‘ವುತ್ಕಾ’, ಅಂದ್ರೆ ಚೂರು ನೀರು. ಹೆಂಡಕ್ಕೆ ಆ ಹೆಸರು ಆಮೇಲೆ ಅಂಟಿಕೊಂಡಿದ್ದು. ಅದೇ ಊರಿಗೆ ಜರ್ಮನ್ನರ ಕಾಲದಲ್ಲಿ ‘ತಣ್ಣೀರು’ ಅನ್ನೋ ಅರ್ಥದ ಹೆಸರೇ ಇತ್ತಂತೆ.

ಆದರೆ ನಾನು ಹೇಳಲು ಹೊರಟಿದ್ದು ಇದಲ್ಲ. ಆ ಮನೆಯ ಅಜ್ಜ (ಇಲ್ಲಿ ‘ಜಾದೆಕ್’ ಅಂತಾರೆ) ಊಟ ಆದ ಮೇಲೆ ಒಂದು ಹಳೇ ಚೆಸ್ ಹಲಗೆ ತಂದು, ಅದನ್ನು ಮಗುಚಿ ಹಾಕಿದರು. ಹಿಂಬದಿಯಲ್ಲಿ ಒಂದರೊಳಗೆ ಒಂದು ಮೂರು ಚೌಕ, ಪ್ರತಿ ಬದಿಯ ನಡುವಿನಿಂದ ಒಳಗೆ ಎಳೆದ ಗೆರೆ. ನನಗೆ ಮೈ ಜುಂ ಅಂತು. ನಮ್ಮಜ್ಜಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ದ ಸಾಲುಮನೆ ಅದು! ಅವರು ಗುಂಡಿಗಳನ್ನು ಇಟ್ಟುಕೊಂಡರು, ನನಗೆ ಬೀನ್ಸ್ ಕಾಳು ಕೊಟ್ಟರು. ಭಾಷೆ ಬರದೇ ಇದ್ದರೂ ಒಂದು ಗಂಟೆ ಆಡಿದೆವು. ಅವರಲ್ಲಿ ಇದಕ್ಕೆ ‘ಮ್ವಿನೆಕ್’ ಅಂತಾರೆ, ಅಂದ್ರೆ ಪುಟ್ಟ ಗಿರಣಿ.

ಎರಡು ಪ್ರಶ್ನೆ. ನಿಮ್ಮ ಕಡೆ ಈ ಆಟಕ್ಕೆ ಏನಂತೀರಿ? ಮೂರೇ ಕಾಯಿ ಉಳಿದಾಗ ಎಲ್ಲಿಗೆ ಬೇಕಾದರೂ ಹಾರಬಹುದಾ? ನನ್ನ ನೆನಪಿನಲ್ಲಿ ಇಲ್ಲ, ಜಾದೆಕ್ ಹಾರಿಬಿಟ್ಟರು, ನಾನು ಸೋತೆ.

ಸುಮ್ನೆ ಬಂದೆ

ಸೋತದ್ದಕ್ಕೆ ಇಷ್ಟು ದೊಡ್ಡ ಪೋಸ್ಟಾ ಗುರು 😄

ಅಂಥ ಊರ ಹೆಸರು ಇನ್ನೂ ಇದ್ದರೆ ಹಾಕಿ, ಮಜವಾಗಿದೆ.

ಚುಕ್ಕಿಗೆರೆ

ನಮ್ಮಲ್ಲಿ ಸಾಲುಮನೆ ಅಂತಲೇ. ನವಕಂಕರಿ ಅಂತಾರೆ ಕೆಲವರು, ಚರ್‌ಪರ್ ಅನ್ನೋದನ್ನೂ ಕೇಳಿದ್ದೇನೆ. ಒಬ್ಬೊಬ್ಬರಿಗೆ ಒಂಬತ್ತು ಕಾಯಿ, 24 ಬಿಂದು. ಮೊದಲು ಒಂದೊಂದಾಗಿ ಇಡೋದು, ಆಮೇಲೆ ಗೆರೆ ಹಿಡಿದು ಪಕ್ಕದ ಮನೆಗೆ ನಡೆಸೋದು. ಮೂರು ಒಂದೇ ಸಾಲಿಗೆ ಬಂದರೆ ಎದುರಿನವರ ಒಂದು ಕಾಯಿ ತೆಗೆಯಬಹುದು. ಅವರ ಸಾಲಿನಲ್ಲಿ ಕೂತ ಕಾಯಿಗೆ ಕೈ ಹಾಕೋ ಹಾಗಿಲ್ಲ, ಬೇರೆ ಯಾವುದೂ ಇಲ್ಲದಿದ್ದರೆ ಮಾತ್ರ ತೆಗೆಯಬಹುದು. ಎರಡೇ ಕಾಯಿ ಉಳಿದರೆ ಅಥವಾ ಎಲ್ಲೂ ಅಲ್ಲಾಡಲು ಜಾಗ ಇಲ್ಲದಿದ್ದರೆ ಸೋಲು.

ಹಾರೋ ನಿಯಮ ಯೂರೋಪಿನಲ್ಲಿ ಬಹಳ ಕಡೆ ಇದೆ, ಜಾದೆಕ್ ಮೋಸ ಮಾಡಿಲ್ಲ. 😊 ನಮ್ಮ ಮನೆಯಲ್ಲಿ ಅಪ್ಪನ ಕಡೆಯವರು ಹಾರುತ್ತಾರೆ, ಅಮ್ಮನ ಕಡೆಯವರು ಹಾರಲ್ಲ. ಮದುವೆಯಾಗಿ ನಲವತ್ತು ವರ್ಷ ಆದರೂ ಅದು ಇತ್ಯರ್ಥ ಆಗಿಲ್ಲ.

ಇನ್ನೊಂದು ವಿಷಯ. ಈ ಆಟವನ್ನು ರಾಲ್ಫ್ ಗಾಸರ್ ಅನ್ನೋರು 1993ರಲ್ಲಿ ಕಂಪ್ಯೂಟರ್‌ನಲ್ಲಿ ಪೂರ್ತಿ ಬಿಡಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಡ್ರಾ. ಹಾಗಾಗಿ ನೀವು ಸೋತದ್ದು ನಿಮ್ಮ ತಪ್ಪಿನಿಂದಲೇ, ಹಾರಿದ್ದರಿಂದ ಅಲ್ಲ.

ಹಾಸನದ ಮಳೆ

ಅಯ್ಯೋ, ಇದು ನಮ್ಮ ದೇಶದಿಂದಲೇ ಹೋದ ಆಟ. ಹಂಪಿಯ ಬಂಡೆಗಳ ಮೇಲೆ, ದೇವಸ್ಥಾನದ ಜಗಲಿ ಮೇಲೆ ಕೊರೆದಿರೋದನ್ನು ನಾನೇ ನೋಡಿದ್ದೇನೆ. ಅವರು ನಮ್ಮಿಂದ ಕಲಿತದ್ದು.

ಪುಸ್ತಕದ ಹುಳ

ಹಾಸನದ ಮಳೆ ಅವರೇ, ಸ್ವಲ್ಪ ನಿಧಾನ. ಹಂಪಿಯಲ್ಲಿ ಇರೋದು ನಿಜ. ಆದರೆ ಕಲ್ಲಿನ ವಯಸ್ಸೇ ಬೇರೆ, ಅದರ ಮೇಲೆ ಎಳೆದ ಗೆರೆಯ ವಯಸ್ಸೇ ಬೇರೆ. ದೇವಸ್ಥಾನ ಕಟ್ಟಿದ ಶಿಲ್ಪಿಯೂ ಮಧ್ಯಾಹ್ನ ಕೂತು ಕೊರೆದಿರಬಹುದು, ಇನ್ನೂರು ವರ್ಷದ ಹಿಂದೆ ದನ ಕಾಯೋ ಹುಡುಗನೂ ಕೊರೆದಿರಬಹುದು. ಈಜಿಪ್ಟಿನ ಕುರ್ನಾ ದೇವಾಲಯದ ಚಾವಣಿ ಕಲ್ಲಿನಲ್ಲೂ ಇದೇ ಚಿತ್ರ ಇದೆ. ಅದನ್ನು ತೋರಿಸಿ 3400 ವರ್ಷ ಹಳೆಯ ಆಟ ಅಂತ ಬಹಳ ಪುಸ್ತಕಗಳು ಬರೆದವು. ಆಮೇಲೆ ನೋಡಿದರೆ ಅದೇ ಕಡೆ ಕ್ರೈಸ್ತರ ಶಿಲುಬೆಗಳೂ ಕೊರೆದಿವೆ, ಅಂದ್ರೆ ಕೆಲವಾದರೂ ಗೆರೆಗಳು ಬಹಳ ತಡವಾಗಿ ಬಂದವು. ಈಗ ಆ ವಾದವನ್ನು ಯಾರೂ ಅಷ್ಟು ಧೈರ್ಯವಾಗಿ ಹೇಳಲ್ಲ.

ಪೋಲೆಂಡಿನಲ್ಲೇ ಒಂದು ಉದಾಹರಣೆ ಇದೆ. ಚ್ಮ್ಯೆಲುಫ್ ಅಂತ ಊರು, ಪಿಂಗಾಣಿಗೆ ಹೆಸರುವಾಸಿ. ಅಲ್ಲಿ 16ನೇ ಶತಮಾನದಲ್ಲಿ ಕ್ಶಿಶ್ತೊಫ್ ಶಿದ್ವೊವ್ಯೆತ್ಸ್ಕಿ ಅನ್ನೋ ದೊಡ್ಡ ಅಧಿಕಾರಿ ಕಟ್ಟಿಸಿದ ಕೋಟೆ ಇದೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಕೆಲಸ ಮಾಡುತ್ತಿದ್ದ ಪುರಾತತ್ವದವರಿಗೆ ಕಲ್ಲಿನ ಮೇಲೆ ಕೊರೆದ ಇದೇ ಗಿರಣಿ ಆಟದ ಮನೆ ಸಿಕ್ಕಿತು. ಗಾರೆಯವರ ಕೈಚಳಕವಾ, ಆಳುಗಳು ಹೊತ್ತು ಕಳೆಯಲು ಮಾಡಿಕೊಂಡಿದ್ದಾ? ಕಲ್ಲು ಬಾಯಿ ಬಿಡಲ್ಲ.

ಹಾಸನದ ಮಳೆ

ಸರಿ ಸಾರ್, ಒಪ್ಪಿದೆ. ಆದರೂ ನಮ್ಮದೇ ಅಂತ ಅನಿಸುತ್ತೆ 🙂

ವ್ರೊತ್ಸ್ವಾಫ್‌ವಾಸಿ

‘ಸುಮ್ನೆ ಬಂದೆ’ ಅವರಿಗೆ, ಕೇಳಿದ್ದೀರಿ, ತಗೊಳ್ಳಿ. ಆಫೀಸಿನಲ್ಲಿ ಎಲ್ಲರೂ ಸೇರಿ ಪಟ್ಟಿ ಮಾಡಿಕೊಟ್ಟರು, ಕೆಲಸ ಯಾರೂ ಮಾಡಲಿಲ್ಲ.

‘ತುಮಿದಾಯ್’, ಅಂದ್ರೆ ‘ಇಲ್ಲಿ ನನಗೆ ಕೊಡು’. ‘ತ್ಸವೊವಾನ್ಯೆ’, ಅಂದ್ರೆ ‘ಮುತ್ತಿಡೋದು’, ಇದು ವಾರ್ಸಾದಿಂದ ದೂರ ಏನಿಲ್ಲ. ‘ಕ್ವೊಪೋತಿ-ಸ್ತನಿಸ್ವಾವಿ’, ಇದರ ಮೊದಲರ್ಧಕ್ಕೆ ‘ತಾಪತ್ರಯಗಳು’ ಅಂತ ಅರ್ಥ. ‘ನ್ಯೆಮಿಯೆ-ಜೋಂಪ್ಕಿ’ ಅಂದ್ರೆ ಕಿವಿಗೆ ‘ಹಲ್ಲು ಉಜ್ಜಲ್ಲ’ ಅಂತ ಕೇಳಿಸುತ್ತದೆ. ‘ಸ್ವೊರ್ನೆಗಾಚ್ಯೆ’ಯ ಕೊನೆಯ ತುಂಡು ಇವತ್ತಿನ ಮಾತಿನಲ್ಲಿ ಚಡ್ಡಿ. ‘ಪಾರಿಶ್’, ‘ವೆನೆತ್ಸ್ಯಾ’ ಅಂತಲೂ ಹಳ್ಳಿಗಳಿವೆ, ಅಂದ್ರೆ ಪ್ಯಾರಿಸ್, ವೆನಿಸ್. ವೆನಿಸ್ ಹಳ್ಳಿಯಲ್ಲಿ ಕೆರೆಗಳಿವೆ, ದೋಣಿ ಬದಲು ಪುಟಾಣಿ ರೈಲಿನ ಮ್ಯೂಸಿಯಂ ಇದೆ.

ಸುಮ್ನೆ ಬಂದೆ

ಹಲ್ಲು ಉಜ್ಜಲ್ಲ ಅನ್ನೋ ಊರಿಗೆ ಹೆಣ್ಣು ಕೊಡೋರು ಯಾರು ಮಾರಾಯ್ರೇ

ಪುಸ್ತಕದ ಹುಳ

ನಗಬೇಡಿ ಅಂತ ಹೇಳಲ್ಲ, ನಾನೂ ನಕ್ಕೆ. ಆದರೆ ಒಂದೊಂದಕ್ಕೂ ಕಾರಣ ಇದೆ. ಪೂರ್ವ ಪೋಲೆಂಡಿನ ಪೊದ್ಲಾಶೆ ಕಡೆ ಬಡ ಕುಲೀನರ ಮನೆತನಗಳು ಜಾಸ್ತಿ. ಹೆಸರಿಗೆ ಜಮೀನ್ದಾರರು, ಉಳೋದು ತಾವೇ. ಆಸ್ತಿ ಪಾಲಾಗಿ ಪಾಲಾಗಿ ಒಂದೇ ಮನೆತನದ ಹೆಸರಲ್ಲಿ ಐದಾರು ಹಳ್ಳಿ ಆದವು. ಬೇರೆ ಬೇರೆ ಅಂತ ಗುರುತಿಸಲು ಇನ್ನೊಂದು ಹೆಸರು ಸೇರಿಸಿದರು. ‘ನ್ಯೆಮಿಯೆ’ ಅನ್ನೋದು ಹಾಗೆ ಹಲವು ಹಳ್ಳಿಗಳಿಗೆ ಅಂಟಿದ ಮೊದಲ ತುಂಡು, ಹಲ್ಲಿನ ತುಂಡು ಅದರಲ್ಲಿ ಒಂದು ಹಳ್ಳಿಯ ಪಾಲಿಗೆ ಬಂದದ್ದು. ಎರಡೂ ಸೇರಿದಾಗ ಹೀಗಾಯಿತು. ಸ್ವೊರ್ನೆಗಾಚ್ಯೆಯ ‘ಗಾಚ್’ ಅಂದ್ರೆ ಕೆರೆ ದಡ ಕುಸಿಯದ ಹಾಗೆ ಕೊಂಬೆ ಹೆಣೆದು ಕಟ್ಟೋ ತಟ್ಟಿ. ‘ಬ್ಯಾವಿ ಕಾವ್’ ಅಂತ ಇನ್ನೊಂದು ಹಳ್ಳಿ ಇದೆ, ಅರ್ಥ ಬರೆಯಲು ನಾಚಿಕೆ ಆಗುತ್ತದೆ, ಬಿಳಿ... ಅದೇ. ಹಳೆಯ ಭಾಷೆಯಲ್ಲಿ ಆ ಪದಕ್ಕೆ ಕೆಸರು ಅಂತ ಅರ್ಥ, ಅಷ್ಟೇ.

ನಮ್ಮ ಸೂಳೆಕೆರೆಯ ಕಥೆಯೂ ಇದೇ ಅಲ್ವಾ? ಶಾಂತಿಸಾಗರ ಅಂತ ಇನ್ನೊಂದು ಹೆಸರು ಇದ್ದರೂ ಜನರ ಬಾಯಲ್ಲಿ ಹಳೆಯದೇ ಇದೆ.

ನನಗೆ ಇವೆಲ್ಲಕ್ಕಿಂತ ಇಷ್ಟ ಆಗೋದು ಚಾಕರಿ ಊರುಗಳು. ಪ್ಯಾಸ್ಟ್ ವಂಶದ ದೊರೆಗಳ ಕಾಲ, ಸುಮಾರು 10ರಿಂದ 13ನೇ ಶತಮಾನ. ದೊರೆಯ ಕೋಟೆಗೆ ಏನೇನು ಬೇಕೋ ಅದನ್ನು ಸುತ್ತಲಿನ ಒಂದೊಂದು ಹಳ್ಳಿ ಮಾಡಿಕೊಡಬೇಕು. ‘ಪ್ಯೆಕಾರಿ’ ರೊಟ್ಟಿ ಸುಡೋರ ಊರು. ‘ಕುಖಾರಿ’ ಅಡುಗೆಯವರದು. ‘ಶ್ಚಿತ್ನಿಕಿ’ ಗುರಾಣಿ ಮಾಡೋರದು, ‘ಸೊಕೊಲ್ನಿಕಿ’ ಬೇಟೆಗೆ ಡೇಗೆ ಸಾಕೋರದು, ‘ಪ್ಸಾರಿ’ ಬೇಟೆನಾಯಿ ನೋಡಿಕೊಳ್ಳೋರದು. ‘ಬೊಬ್ರೊವ್ನಿಕಿ’ಯವರ ಕೆಲಸ ಬೀವರ್ ಅನ್ನೋ ನೀರುಪ್ರಾಣಿಯನ್ನು ಕಾಯೋದು, ತುಪ್ಪಳಕ್ಕಾಗಿ. ‘ಜೆರ್ನಿಕಿ’ ಬೀಸುಕಲ್ಲಿನವರು. ‘ಬರ್ತೊಜ್ಯೆಯೆ’ ಅಂತ ಒಂದಿದೆ, ಮರದಲ್ಲಿ ಪೊಟರೆ ಕೊರೆದು ಜೇನು ಕೂರಿಸೋರು. ದೊರೆ ಹೋದ, ಡೇಗೆ ಹೋಯಿತು, ಬೋರ್ಡು ಮಾತ್ರ ನಿಂತಿದೆ. ವ್ರೊತ್ಸ್ವಾಫ್‌ವಾಸಿ ಅವರು ಹೋಗಿದ್ದ ಜಿಲ್ಲೆಯ ಕೇಂದ್ರ ಸ್ಟ್ಶೆಲ್ತ್ಸೆ ಇರಬೇಕು. ಅದೂ ಬಿಲ್ಲುಗಾರರ ಊರು ಅನ್ನೋ ಹೆಸರೇ.

ಕುಂಬಾರಬೀದಿ

ನಮ್ಮಲ್ಲೂ ಕುಂಬಾರಹಳ್ಳಿ, ಗಾಣಿಗರಹಳ್ಳಿ, ಗೊಲ್ಲರಹಟ್ಟಿ ಇವೆಯಲ್ಲ, ಅದೇ ಲೆಕ್ಕ.

ಪುಸ್ತಕದ ಹುಳ

ಹತ್ತಿರ ಇದೆ, ಆದರೆ ಅದೇ ಅಲ್ಲ. ನಮ್ಮದರಲ್ಲಿ ಕಸುಬು ಜಾತಿಯ ಜೊತೆ ಬಂದದ್ದು, ಯಾವ ಊರಿಗೆ ಹೋದರೂ ಹಿಂದೆ ಬರೋದು. ಅಲ್ಲಿ ದೊರೆ ಊರಿಗೇ ಕೆಲಸ ಹಚ್ಚಿದ್ದು.

‘ವೋಲಾ’, ‘ವುಲ್ಕಾ’ ಅಂತ ಶುರುವಾಗೋ ಊರುಗಳೂ ರಾಶಿ ಇವೆ. ಸ್ವಾತಂತ್ರ್ಯ ಅಂತ ಅರ್ಥ. ಕಾಡು ಕಡಿದು ಹೊಲ ಮಾಡಿದವರಿಗೆ ಇಷ್ಟು ವರ್ಷ ಕಂದಾಯ ಇಲ್ಲ ಅಂತ ಮಾತು ಕೊಟ್ಟು ಕರೆತಂದ ಊರು. ‘ಲಿಗೋತಾ’ ಅಂದರೂ ಇದೇ, ರಿಯಾಯಿತಿ. ಅಗ್ರಹಾರಕ್ಕೆ ಹೋಲಿಸಬೇಡಿ, ಅಲ್ಲಿ ಬೆವರು ಸುರಿಸಿದವನಿಗೇ ವಿನಾಯಿತಿ. ವಾರ್ಸಾದ ವೋಲಾ ಈಗ ನಗರದ ಬಡಾವಣೆ, ಒಂದು ಕಾಲದಲ್ಲಿ ಅದರ ಬಯಲಲ್ಲೇ ಸಾವಿರಾರು ಕುಲೀನರು ಕುದುರೆ ಏರಿ ಬಂದು ರಾಜನನ್ನು ಆರಿಸುತ್ತಿದ್ದರು.

ಕೊಡಗಿನ ಕಿತ್ತಳೆ

ವಾರದ ಹೆಸರಿನ ಊರು ಇಲ್ವಾ? ನಮ್ಮಲ್ಲಿ ಸೋಮವಾರಪೇಟೆ, ಶನಿವಾರಸಂತೆ ಎರಡೂ ಇವೆ.

ವ್ರೊತ್ಸ್ವಾಫ್‌ವಾಸಿ

ಇದೆ ಮೇಡಂ! ‘ಶ್ರೋದಾ’ ಅಂದ್ರೆ ಬುಧವಾರ, ಎರಡು ಊರಿವೆ, ಒಂದು ನಮ್ಮ ವ್ರೊತ್ಸ್ವಾಫ್ ಪಕ್ಕದಲ್ಲೇ. ‘ಪ್ಯೋಂತೆಕ್’ ಅಂದ್ರೆ ಶುಕ್ರವಾರ. ಆ ದಿನ ಸಂತೆ ಸೇರೋದು, ಬೇರೆ ಹೆಸರು ಹುಡುಕೋ ಗೋಜಿಗೆ ಹೋಗಲಿಲ್ಲ. ಪ್ಯೋಂತೆಕ್ ಪೋಲೆಂಡ್ ನಕ್ಷೆಯ ನಟ್ಟನಡುವೆ ಬರುತ್ತದೆ, ಅದಕ್ಕೊಂದು ಗುರುತನ್ನೂ ನಿಲ್ಲಿಸಿದ್ದಾರೆ. ‘ನಾಳೆ ಗುರುವಾರ ಶುಕ್ರವಾರಕ್ಕೆ ಹೋಗ್ತೀನಿ’ ಅಂತ ಅಲ್ಲಿನವರು ಹೇಳಬಹುದು.

ಮತ್ತೆ ‘ನೋವಾ ವ್ಯೆಶ್’ ಅಂದ್ರೆ ಹೊಸಹಳ್ಳಿ. ಅದು ಎಷ್ಟಿದೆ ಅಂದರೆ ನ್ಯಾವಿಗೇಶನ್‌ನಲ್ಲಿ ಹಾಕಿದರೆ ದೇವರೇ ಗತಿ. ಒಮ್ಮೆ ನಾನು ತಪ್ಪು ಹೊಸಹಳ್ಳಿಗೆ ಹೋಗಿ, ಯಾರದೋ ಮನೆ ಬಾಗಿಲು ಬಡಿದು, ಸೇಬಿನ ಕೇಕ್ ತಿಂದು ವಾಪಸ್ ಬಂದೆ.

ಗಡಿನಾಡಿನವ

ನಿಪ್ಪಾಣಿ ಕಡೆಯವನು ನಾನು. ಪೋಲೆಂಡ್ ಅಂದ ಕೂಡಲೇ ನಮಗೆ ನೆನಪಾಗೋದು ಕೊಲ್ಹಾಪುರದ ಪಕ್ಕದ ವಳಿವಡೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5000 ಪೋಲಿಷ್ ನಿರಾಶ್ರಿತರು ಇದ್ದರು, ಹೆಂಗಸರು ಮಕ್ಕಳೇ ಹೆಚ್ಚು. ರಷ್ಯನ್ನರು ಸೈಬೀರಿಯಾ, ಕಝಾಕಸ್ತಾನಕ್ಕೆ ಸಾಗಿಸಿದ್ದವರು ಇರಾನ್ ದಾರಿಯಲ್ಲಿ ಇಲ್ಲಿಗೆ ಬಂದರು. ಶಾಲೆ, ಚರ್ಚು, ನಾಟಕ ಎಲ್ಲ ಕಟ್ಟಿಕೊಂಡಿದ್ದರು. ಗುಜರಾತಿನ ಬಾಲಾಚಡಿಯಲ್ಲಿ ನವಾನಗರದ ದೊರೆ ಜಾಮ್‌ಸಾಹೇಬರು ಪೋಲಿಷ್ ಮಕ್ಕಳನ್ನು ಇಟ್ಟುಕೊಂಡ ಕಥೆ ಎಲ್ಲರಿಗೂ ಗೊತ್ತು, ವಳಿವಡೆ ದೊಡ್ಡದಾದರೂ ಅದರ ಮಾತು ಕಡಿಮೆ.

ಯಾಕೆ ಹೇಳಿದೆ ಅಂದರೆ, ಅವರಲ್ಲಿ ಬಹಳ ಜನರ ಊರುಗಳು ಯುದ್ಧ ಮುಗಿದ ಮೇಲೆ ಪೋಲೆಂಡಿನಲ್ಲೇ ಇರಲಿಲ್ಲ. ಗಡಿ ಸರಿದು ಉಕ್ರೇನ್, ಬೆಲಾರುಸ್ ಕಡೆ ಹೋಗಿಬಿಟ್ಟವು. ಗಡಿ ಅಂದ್ರೆ ಏನು ಅಂತ ನಮಗೂ ಸ್ವಲ್ಪ ಗೊತ್ತು, ಆದರೆ ಇಷ್ಟಲ್ಲ.

ಪುಸ್ತಕದ ಹುಳ

ಒಳ್ಳೇ ಮಾತು. ಅದರ ಇನ್ನೊಂದು ಬದಿ ಪಶ್ಚಿಮದಲ್ಲಿ. ಜರ್ಮನಿಯಿಂದ ಬಂದ ಜಾಗಗಳಲ್ಲಿ ಸಾವಿರಾರು ಊರಿಗೆ ಪೋಲಿಷ್ ಹೆಸರು ಬೇಕಾಯಿತು. 1946ರಲ್ಲಿ ಅದಕ್ಕೇ ಒಂದು ಸಮಿತಿ ಕೂತಿತು, ಭಾಷೆ ಬಲ್ಲವರು, ಭೂಗೋಳದವರು. ಹಳೆಯ ಸ್ಲಾವಿಕ್ ಹೆಸರು ಸಿಕ್ಕರೆ ಅದನ್ನು ಎತ್ತಿ ನಿಲ್ಲಿಸಿದರು, ಸಿಗದಿದ್ದರೆ ಅನುವಾದ, ಅದೂ ಆಗದಿದ್ದರೆ ಹೊಸದು. ರಾಸ್ಟೆನ್‌ಬುರ್ಗ್ ಅನ್ನೋದು ಕೆಂತ್ಶಿನ್ ಆಯಿತು, ಒಬ್ಬ ಇತಿಹಾಸಕಾರನ ಹೆಸರಲ್ಲಿ. ರೈಖೆನ್‌ಬಾಖ್ ಅನ್ನೋದು ಜೆರ್ಜೊನ್ಯುಫ್ ಆಯಿತು, ಅದು ಯಾನ್ ಜೆರ್ಜೊನ್ ಅನ್ನೋ ಪಾದ್ರಿಯ ಹೆಸರು. ಜೇನು ಸಾಕುತ್ತಿದ್ದವರು, ಗಂಡುಜೇನು ತಂದೆಯಿಲ್ಲದೆ ಹುಟ್ಟುತ್ತದೆ ಅಂತ ಕಂಡುಹಿಡಿದವರು. ನಮ್ಮ ಬೆಳಗಾಂ 2014ರಲ್ಲಿ ಬೆಳಗಾವಿ ಆಯಿತಲ್ಲ, ಹಾಗಲ್ಲ ಇದು. ಅಲ್ಲಿ ಹೆಸರಿನ ಜೊತೆ ಜನರೂ ಬದಲಾಗಿದ್ದರು.

ಸುಮ್ನೆ ಬಂದೆ

ಆಟದ ಕಡೆ ಬನ್ನಿ ಸಾರ್, ಗಂಟಲು ಕಟ್ಟಿತು.

ವ್ರೊತ್ಸ್ವಾಫ್‌ವಾಸಿ

ಬಂದೆ. ಜಾದೆಕ್ ಮನೆಯಲ್ಲಿ ಆವತ್ತು ನಾನು ಇನ್ನೊಂದು ಆಟವನ್ನೂ ಸೋತೆ, ಅದೂ ಒಂಬತ್ತು ವರ್ಷದ ಮೊಮ್ಮಗಳ ಹತ್ತಿರ. ‘ವಿಲ್ಕ್ ಇ ಒಫ್ತ್ಸೆ’, ತೋಳ ಮತ್ತು ಕುರಿಗಳು. ಚೆಸ್ ಹಲಗೆಯ ಕಪ್ಪು ಮನೆಗಳಲ್ಲಿ ಮಾತ್ರ ಆಡೋದು. ಒಂದು ಬದಿಯ ಸಾಲಿನಲ್ಲಿ ನಾಲ್ಕು ಕುರಿ, ಎದುರು ಬದಿಯಲ್ಲಿ ಒಂದೇ ತೋಳ. ಎಲ್ಲರೂ ಓರೆಯಾಗಿ ಒಂದೊಂದೇ ಮನೆ. ತೋಳ ಹಿಂದೆ ಮುಂದೆ ಹೋಗಬಹುದು, ಕುರಿ ಮುಂದಕ್ಕೆ ಮಾತ್ರ. ತಿನ್ನೋದು ಇಲ್ಲವೇ ಇಲ್ಲ! ತೋಳ ಕುರಿಗಳನ್ನು ದಾಟಿ ಆ ಕಡೆ ಸೇರಿದರೆ ಗೆದ್ದಿತು, ಕುರಿಗಳು ಸುತ್ತುವರಿದು ಕಟ್ಟಿಹಾಕಿದರೆ ಅವು ಗೆದ್ದವು. ನಾನು ಜಾಣ ಅಂತ ತೋಳ ಆರಿಸಿಕೊಂಡೆ. ಮೂರು ಸಲ ಮೂಲೆಗೆ ಬಿದ್ದೆ.

ಚುಕ್ಕಿಗೆರೆ

ಹಹ್ಹಾ, ಹುಡುಗಿ ಕಲಿತವಳು. ಕುರಿಗಳು ಸರಿಯಾಗಿ ನಡೆದರೆ ತೋಳಕ್ಕೆ ಗೆಲುವೇ ಇಲ್ಲ. ಗುಟ್ಟು ಒಂದೇ, ಸಾಲು ಒಡೆಯಬಾರದು. ನಾಲ್ಕೂ ಒಟ್ಟಿಗೆ ನಡೀಬೇಕು, ಒಂದು ಆತುರಪಟ್ಟು ಮುಂದೆ ಹೋದರೆ ಅದರ ಹಿಂದೆ ಕಿಂಡಿ, ಆ ಕಿಂಡಿಯಲ್ಲಿ ತೋಳ. ಮುಂದಿನ ಸಲ ನೀವು ಕುರಿ ತಗೊಳ್ಳಿ.

ನಮ್ಮ ಆಡು-ಹುಲಿಯದು ಬೇರೆ ರುಚಿ. ಮೂರು ಹುಲಿ, ಹದಿನೈದು ಆಡು, ತ್ರಿಕೋನದ ಗೆರೆಮನೆ, ಹುಲಿ ಹಾರಿ ತಿನ್ನುತ್ತದೆ. ಅದಕ್ಕೆ ಹತ್ತಿರ ಬರೋದು ಯೂರೋಪಿನ ನರಿ-ಬಾತು ಆಟ, ಪೋಲಿಷ್‌ನಲ್ಲಿ ‘ಲಿಸ್ ಇ ಗೆಂಶಿ’ ಅಂತ ಇರಬೇಕು ನೋಡಿ. ಶಿಲುಬೆ ಆಕಾರದ 33 ಬಿಂದುಗಳ ಮನೆ, ನರಿ ಹಾರಿ ಹಾರಿ ಬಾತುಕೋಳಿ ತಿನ್ನುತ್ತದೆ, ಬಾತುಗಳು ಗುಂಪಾಗಿ ನೂಕಬೇಕು. ಒಬ್ಬ ಬಲಶಾಲಿ, ಎದುರಿಗೆ ಬಹಳ ಜನ ಬಡಪಾಯಿಗಳು. ಚೆಸ್‌ಗಿಂತ ನನಗೆ ಇವೇ ಇಷ್ಟ, ಇಬ್ಬರೂ ಒಂದೇ ಥರ ಯೋಚಿಸೋ ಹಾಗಿಲ್ಲ.

‘ಪೋಲಿಷ್ ಡ್ರಾಫ್ಟ್ಸ್’ ಅಂತ ಕರೆಯೋ ಆಟ ಅಲ್ಲಿ ನಿಜವಾಗಿ ಆಡ್ತಾರಾ?

ವ್ರೊತ್ಸ್ವಾಫ್‌ವಾಸಿ

ಆಡ್ತಾರೆ, ಆದರೆ ಹೆಸರು ‘ವರ್ತ್ಸಾಬಿ’. ಮನೆಯಲ್ಲಿ ಸಾಮಾನ್ಯವಾಗಿ 64 ಮನೆಯ ಹಲಗೆ, ತಲಾ 12 ಕಾಯಿ. ಹೊರಗಿನವರು ಪೋಲಿಷ್ ಅನ್ನೋದು 100 ಮನೆಯದು, ತಲಾ 20 ಕಾಯಿ. 18ನೇ ಶತಮಾನದ ಪ್ಯಾರಿಸಿನಲ್ಲಿ ಆ ಹೆಸರು ಬಿತ್ತು, ಯಾರೋ ಒಬ್ಬ ಪೋಲೆಂಡಿನವನು ಆಡಿ ತೋರಿಸಿದ ಅಂತ ಕಥೆ ಕಟ್ಟಿದ್ದಾರೆ.

ಇದರಲ್ಲೇ ನನಗೊಂದು ಸಿಕ್ಕಿತು. 100 ಮನೆಯದಕ್ಕೆ ಇವರು ‘ಸ್ತುಪೊಲೊವೆ’ ಅಂತಾರೆ. ‘ಸ್ತೊ’ (ಇನ್ನೊಂದು ಪದಕ್ಕೆ ಸೇರಿದಾಗ ‘ಸ್ತು’) ಅಂದ್ರೆ ನೂರು, ‘ಪೊಲೆ’ ಅಂದ್ರೆ ಹೊಲ, ಬಯಲು. ಹಲಗೆಯ ಒಂದು ಚೌಕಕ್ಕೆ ಇವರು ಹೊಲ ಅಂತಾರೆ! ದೇಶದ ಹೆಸರೂ ಅದೇ ಪದದಿಂದ ಬಂದದ್ದು, ಪೊಲಾನ್ಯೆ ಅಂದ್ರೆ ಬಯಲಿನ ಜನ, ಬಹುತೇಕ ಎಲ್ಲರೂ ಒಪ್ಪೋ ಮಾತಿದು. ನಾವು ಮನೆ ಅಂತೀವಿ. ಸಾಲುಮನೆ, ಚದುರಂಗದ ಮನೆ. ಜಾದೆಕ್‌ಗೆ ಗೆಳೆಯನ ಮೂಲಕ ಹೇಳಿಸಿದೆ, ‘ನೀವು ಕಾಯಿಯನ್ನು ಹೊಲಕ್ಕೆ ಕಳಿಸ್ತೀರಿ, ನಾವು ಮನೆಗೆ ಕರೆದುಕೊಳ್ತೀವಿ’ ಅಂತ. ಅವರು ತುಂಬಾ ಹೊತ್ತು ಯೋಚನೆ ಮಾಡಿ, ‘ಹಾಗಾದರೆ ನಿಮ್ಮಲ್ಲಿ ಕೆಲಸ ಮಾಡೋರು ಯಾರು?’ ಅಂದರು.

ಗಡಿನಾಡಿನವ

🤣🤣 ಅಜ್ಜ ಭಾರಿ ಇದ್ದಾರೆ

ಕುಂಬಾರಬೀದಿ

ಅಲ್ಲಿ ಹಳ್ಳಿ ಜೋಕುಗಳೂ ಇವೆಯಂತೆ? ಎಲ್ಲೋ ಕೇಳಿದ್ದೆ.

ವ್ರೊತ್ಸ್ವಾಫ್‌ವಾಸಿ

ವೋಂಖೊತ್ಸ್ಕ್. ಅಲ್ಲಿನ ಊರ ಗೌಡನ (‘ಸೊವ್ತಿಸ್’ ಅಂತಾರೆ) ಮೇಲೆ ಇಡೀ ದೇಶ ಜೋಕು ಹೇಳುತ್ತದೆ. ರಾತ್ರಿಯಾದರೆ ರಸ್ತೆಯ ಡಾಂಬರನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಒಳಗಿಡ್ತಾನೆ ಅಂತ ಒಂದು. ಊರಿನವರು ಸಿಟ್ಟಾಗಲಿಲ್ಲ, ಗೌಡನ ಪ್ರತಿಮೆಯನ್ನೇ ಮಾಡಿ ನಿಲ್ಲಿಸಿದರು. ಮಜಾ ಏನಂದರೆ 1994ರಿಂದ ಅದು ಪಟ್ಟಣ, ಮೇಯರ್ ಇದ್ದಾರೆ, ಗೌಡಿಕೆಯೇ ಇಲ್ಲ.

ಚುಕ್ಕಿಗೆರೆ

ಎಲ್ಲ ಸರಿ. ಹಾರೋದು ಇತ್ಯರ್ಥ ಆಯಿತಾ? ಒಂದೇ ನಡೆಯಲ್ಲಿ ಎರಡು ಸಾಲು ಕೂಡಿದರೆ ಅವರು ಎಷ್ಟು ಕಾಯಿ ತೆಗೀತಾರೆ, ಅದನ್ನೂ ಕೇಳಿ.

ವ್ರೊತ್ಸ್ವಾಫ್‌ವಾಸಿ

ನಿನ್ನೆ ಫೋನ್ ಮಾಡಿಸಿ ಕೇಳಿಸಿದೆ. ಮೂರು ಕಾಯಿ ಉಳಿದರೆ ಹಾರಬಹುದು, ಅದರಲ್ಲಿ ಮಾತೇ ಇಲ್ಲ ಅಂದರು ಜಾದೆಕ್. ಎರಡು ಸಾಲು ಕೂಡಿದರೆ ಒಂದೇ ಕಾಯಿ ಅಂತಲೂ ಅಂದರು. ಅಷ್ಟರಲ್ಲಿ ಹಿಂದಿನಿಂದ ಅಜ್ಜಿ ಏನೋ ಕೂಗಿದರು. ಗೆಳೆಯ ನಗುತ್ತಾ ಅನುವಾದ ಮಾಡಿದ: ‘ಒಂದಲ್ಲ, ಎರಡು. ನಮ್ಮ ತವರಲ್ಲಿ ಯಾವಾಗಲೂ ಎರಡು.’ ಆಮೇಲೆ ಅವರಿಬ್ಬರೇ ಮಾತಾಡಿಕೊಂಡರು, ನಾವು ಫೋನ್ ಇಟ್ಟೆವು.